ಕಡಿಯದೆ ಕಳಿಸಿದ ಪದ

ಜಕ್ಕಪ್ಪನ ಗಂಟಲಲ್ಲಿ ಗಡ್ಡೆ ಎಂದು ತಿಳಿದಾಗ ರಂಜನಾಳಿಗೆ ಮೊದಲು ನೆನಪಾದದ್ದು ಸೋದರಮಾವನ ಜೀವವಲ್ಲ, ಅವನ ಹಾಡು. ಇದಕ್ಕಾಗಿ ಅವಳಿಗೆ ನಾಚಿಕೆಯಾಯಿತು, ನಿಜ. ಆದರೆ ಬೀರಪ್ಪನ ಕಥೆಯನ್ನು ಹುಟ್ಟಿನಿಂದ ಹಿಡಿದು ಮಂಗಳದವರೆಗೆ ಡೊಳ್ಳಿನ ಪದದಲ್ಲಿ ಹಾಡಬಲ್ಲವನು ಹಿಪ್ಪರಗಿ ಸುತ್ತಮುತ್ತ ಅವನೊಬ್ಬನೇ ಉಳಿದಿದ್ದ. ಅಕ್ಷರ ಬಾರದವನು, ಪದವೆಲ್ಲ ಬಾಯಲ್ಲೇ. ಈಗ ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದಿದ್ದರು.

ರಂಜನಾ ಬನಹಟ್ಟಿಯಲ್ಲಿ ಕೂತು ಇಂಥ ಹಾಡುಗಳಿಗೆಂದೇ ಒಂದು ವೆಬ್‌ಸೈಟ್ ನಡೆಸುತ್ತಿದ್ದಳು. ಬಾಡಿಗೆಯ ಪುಟ್ಟ ಸರ್ವರ್, ಮೆಮೊರಿ ಒಂದೇ ಜಿಬಿ. ದೊಡ್ಡ ಫೈಲು ಅದಕ್ಕೆ ಭಾರ, ಅದಕ್ಕೇ ಬೀಳಗಿ, ತೇರದಾಳದ ಹಾಡುಗಾರರೆಲ್ಲ ಪದವನ್ನು ತುಂಡು ತುಂಡು ಮಾಡಿ ಕಳಿಸುತ್ತಿದ್ದರು.

“ಮಾಮಾ, ನೀವೂ ತುಂಡ ಮಾಡಿ ಹಾಡ್ರಿ,” ಎಂದಳು ಫೋನಿನಲ್ಲಿ.

“ಬೀರಪ್ಪನ ಪದಾ ನಡಬರಕ ಕಡದ್ರ ದೇವರನ್ನ ಹಾದ್ಯಾಗ ಬಿಟ್ಟು ಬಂದಂಗ ಬೇ ರಂಜಿ. ಮಂಗಳ ಹಾಡೂ ಮಟಾ ನಾ ಏಳಾಂವಲ್ಲ.”

“ಹಂಗಾದ್ರ ಇಡೀದು ಕಳಸ್ರಿ.”

ಪದ ಕಡಿಯದೆಯೂ ಸರ್ವರ್ ಫೈಲನ್ನು ಗುಟುಕು ಗುಟುಕಾಗಿ ತಗೊಂಡು, ಆಗಿಂದಾಗಲೇ ಡಿಸ್ಕಿಗೆ ಬರೆಯುತ್ತ ಹೋಗಬಹುದು. ಅದು ಅವಳಿಗೆ ಗೊತ್ತಿತ್ತು. ಪ್ರೋಗ್ರಾಮನ್ನು ಹಾಗೆ ತಿದ್ದಬೇಕು, ನಾಳೆ ತಿದ್ದಿದರಾಯಿತು ಎಂದು ಒಂದು ವರ್ಷದಿಂದ ಅನ್ನುತ್ತಲೇ ಇದ್ದಳು. ಹಾಳಾದ ನಾಳೆ!

ಆಪರೇಶನ್ನಿನ ಹಿಂದಿನ ದಿನ ಮುಂಜಾನೆ ಜಕ್ಕಪ್ಪ ಕೂತವನು ಮೂರೂವರೆ ತಾಸು ಹಾಡಿದ. ದನಿ ಒಡೆದುಹೋಗಿತ್ತು. ನಡುವೆ ಬಿಸಿನೀರು ಕುಡಿದನೇ ಹೊರತು ಏಳಲಿಲ್ಲ. ಹೆಂಡತಿ ಯಲ್ಲಕ್ಕ ಮೊಬೈಲಿನಲ್ಲಿ ವಿಡಿಯೋ ಹಿಡಿದು ಕಳಿಸಿದಳು, ಮಧ್ಯಾಹ್ನ ಫೋನು ಮಾಡಿದಳು.

“ರಂಜಿ, ನೂರು ಪರ್ಸೆಂಟ್ ಅಂತ ತೋರಸಾಕತ್ತೈತಿ. ಆಸ್ಪತ್ರಿ ರಿಪೋರ್ಟಿನ ಫೋಟೋ ಹಿಡಿಯಾಕ ಮೊಬೈಲಿನ್ಯಾಗ ಜಾಗಾ ಇಲ್ಲ. ಪದಾ ಅಳಸ್ಲೇನು?”

“ನೂರಾತಂದ್ರ ಬಂತು ಅತ್ತಿ. ಅಳಸ್ರಿ. ಅಳಸಿದ್ದು ಬುಟ್ಯಾಗ ಕುಂತಿರ್ತೈತಿ, ಅದನ್ನೂ ಖಾಲಿ ಮಾಡ್ರಿ.”

ಅಯ್ಯೋ, ನೂರು ಎಂದರೆ ಸರ್ವರಿನ ಬಾಗಿಲಿಗೆ ಬಂತು ಎಂದಷ್ಟೇ! ಬಾಗಿಲಿನಿಂದ ಒಳಗೆ ಒಯ್ದು ಇಡಬೇಕಾದ ಅವಳ ಪ್ರೋಗ್ರಾಂ ಇಡೀ ಫೈಲನ್ನು ಒಂದೇ ಸಲ ಮೆಮೊರಿಗೆ ಎತ್ತಿಕೊಳ್ಳುತ್ತಿತ್ತು. ಒಂದು ಜಿಬಿ ಮೆಮೊರಿಗೆ ನಾಲ್ಕು ಜಿಬಿ ಹೊರೆ. ಪ್ರೋಗ್ರಾಂ ಅಲ್ಲೇ ಸತ್ತಿತು. ಬಾಗಿಲಲ್ಲಿದ್ದ ಫೈಲನ್ನು ಸರ್ವರ್ ಬೇಡದ ಕಸವೆಂದು ತಾನೇ ಒರೆಸಿ ಹಾಕಿತು. ಮೂರನೆಯ ದಿನ ಕೇಳೋಣವೆಂದು ತೆರೆದರೆ ಏನೂ ಇಲ್ಲ. ಅಷ್ಟರಲ್ಲಿ ಮಾವನ ಆಪರೇಶನ್ ಮುಗಿದಿತ್ತು.

ರಂಜನಾ ಎದೆ ಬಡಿದುಕೊಂಡು ಅತ್ತಳು. ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದರಂತೆ. ಅಳುತ್ತಲೇ ಪ್ರೋಗ್ರಾಮನ್ನು ತಿದ್ದಿದಳು. ಅರ್ಧ ದಿನವೂ ಹಿಡಿಯಲಿಲ್ಲ.

ತಿಂಗಳಾದ ಮೇಲೆ ಹಿಪ್ಪರಗಿಗೆ ಹೋದಳು. ಮಾವನ ಕುತ್ತಿಗೆಯಲ್ಲಿ ಉಸಿರಿಗೆಂದು ಕೊರೆದ ತೂತು, ಅದರ ಮೇಲೆ ಬಿಳಿ ಬಟ್ಟೆ. ಅವಳನ್ನು ಕಂಡವನೇ ಮುಖ ಅರಳಿಸಿ, ಪದ ಬಂತೇನು ಎಂದು ಕೈಸನ್ನೆ ಮಾಡಿದ.

ಸುಳ್ಳು ಹೇಳಬೇಕೆಂದೇ ಬಂದಿದ್ದಳು. ಆದರೆ ಅವನ ಕಾಲು ಹಿಡಿದಳು. “ಹೋತು ಮಾಮಾ. ನಿಮ್ಮ ತಪ್ಪಲ್ಲ, ಅತ್ತೀ ತಪ್ಪಲ್ಲ. ನಾನಽ ಕಳದೆ.”

ಜಕ್ಕಪ್ಪ ಬೈಯಲಿಲ್ಲ, ಬೈಯಲು ದನಿಯಾದರೂ ಎಲ್ಲಿತ್ತು! ಎದ್ದು ಮುಖ ತೊಳೆದು, ಹಣೆಗೆ ಬೀರಪ್ಪನ ಭಂಡಾರದ ಅರಿಶಿನ ಹಚ್ಚಿ, ಚಕ್ಕಂಬಕ್ಕಳ ಹಾಕಿ ಕೂತ. ಮೊಬೈಲ್ ಹಿಡಿ ಎಂದು ಅವಳಿಗೆ ಸನ್ನೆ ಮಾಡಿದ.

“ಏನ ಮಾಡಾಕತ್ತೀರಿ?” ಯಲ್ಲಕ್ಕ ಗಾಬರಿಯಾದಳು. “ದನಿ ಎಲ್ಲೈತ್ರಿ ಹಾಡಾಕ?”

ಅವನು ಶುರು ಮಾಡಿಯೇಬಿಟ್ಟಿದ್ದ. ತುಟಿ ಆಡುತ್ತಿತ್ತು, ಕೈ ತೊಡೆಯ ಮೇಲೆ ತಾಳ ಹಾಕುತ್ತಿತ್ತು, ಕುತ್ತಿಗೆಯ ತೂತಿನಿಂದ ಬರೀ ಗಾಳಿ. ನಡುವೆ ಕಡಿಯುವ ಪದ ಅದಲ್ಲ. ರಂಜನಾ ಮೂರೂವರೆ ತಾಸು ಮೊಬೈಲ್ ಹಿಡಿದು ಕೂತಳು. ಯಲ್ಲಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ಮಂಗಳ ಮುಗಿಸಿ ಕೈ ಮುಗಿದವನು, ಕಳಿಸು ಎಂದು ಸನ್ನೆ ಮಾಡಿದ. ಅವನೆದುರಿಗೇ ಕಳಿಸಿದಳು. ಸರ್ವರ್ ಗುಟುಕು ಗುಟುಕಾಗಿ ಎಲ್ಲವನ್ನೂ ತಗೊಂಡಿತು, ಒಂದು ಚೂರೂ ಬಿಡಲಿಲ್ಲ.

ಮಾವ ಅವಳ ಮುಖವನ್ನೇ ನೋಡುತ್ತಿದ್ದ.

“ಬಂತು ಮಾಮಾ,” ಎಂದಳು ರಂಜನಾ. “ಎಲ್ಲಾ ಬಂತು.”