ಅರ್ಧ ಸೆಕೆಂಡಿನ ನೆರಳು

ನಾನು ಒಂದು ಚಂದ್ರ. ನಗಬೇಡಿ. ನಿಮ್ಮ ಹುಣ್ಣಿಮೆಯ ದೊಡ್ಡವನಲ್ಲ. ಅಗಲ ಆರೇ ಕಿಲೋಮೀಟರ್, ಆಕಾರ ಆಲೂಗಡ್ಡೆಯದು. ಮಂಗಳ, ಗುರುಗಳ ನಡುವೆ ಸುತ್ತುವ ಒಂದು ಕ್ಷುದ್ರಗ್ರಹ ನನ್ನ ಅವ್ವ. ಅರವತ್ತು ಕಿಲೋಮೀಟರ್ ಅಗಲದ ಆಕೆಗೆ ಒಮ್ಮೆ ಯಾವುದೋ ದಾರಿತಪ್ಪಿದ ಬಂಡೆ ಢಿಕ್ಕಿ ಹೊಡೆಯಿತು. ಸಿಡಿದ ಚೂರುಗಳಲ್ಲಿ ಕೆಲವು ದೂರ ಓಡಿಹೋದವು, ಕೆಲವು ಅವಳ ಮೇಲೇ ಬಿದ್ದವು. ಎರಡನ್ನೂ ಮಾಡದೆ, ಹಟ ಹಿಡಿದು ಅವಳನ್ನೇ ಸುತ್ತುತ್ತ ಒಂದಾದ ಚೂರುಗಳೇ ನಾನು. ಶಾಲೆಯ ಪ್ರಬಂಧಗಳಲ್ಲಿ ಆತ್ಮಕಥೆ ಹೇಳುವ ಹಳೆಯ ಕೊಡೆ, ಹರಿದ ಕೋಟುಗಳ ಹಾಗೆ ನಾನು ಹತ್ತು ಯಜಮಾನರನ್ನು ಕಂಡವನಲ್ಲ. ಅಂದಿನಿಂದ ಇಂದಿನವರೆಗೂ ಅವ್ವನ ಸೆರಗೇ ಗತಿ.

ಕೋಟಿಗಟ್ಟಲೆ ವರ್ಷ ನನ್ನನ್ನು ಯಾರೂ ಕಂಡಿರಲಿಲ್ಲ. ಮೊದಲು ಕಂಡವರು ಗದಗಿನ ಹೈಸ್ಕೂಲೊಂದರ ಪಿ.ಟಿ. ಟೀಚರ್ ನೀಲಗಂಗಾ ಹೊಸಮನಿ. ಇಷ್ಟು ದೂರದಿಂದ ನನಗೆ ಹೇಗೆ ಗೊತ್ತು ಎನ್ನುತ್ತೀರಾ? ಆತ್ಮಕಥೆ ನನ್ನದು, ಅಷ್ಟು ಸಲಿಗೆ ಇರಲಿ.

ನಾವು ಯಾವುದಾದರೂ ನಕ್ಷತ್ರಕ್ಕೆ ಅಡ್ಡ ಬಂದರೆ ನಮ್ಮ ನೆರಳು ಭೂಮಿಯ ಮೇಲೆ ಓಡುತ್ತದೆ. ಅದರ ದಾರಿಯಲ್ಲಿ ನಿಂತವರಿಗೆ ನಕ್ಷತ್ರ ಕೆಲವು ಸೆಕೆಂಡು ಆರಿ ಮತ್ತೆ ಹೊತ್ತಿಕೊಳ್ಳುತ್ತದೆ. ಒಂದು ಸಂಜೆ ಅವ್ವನ ನೆರಳು ಗದಗಿನ ಮೇಲೆ ಹಾಯುವುದಿತ್ತು. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ವಿರೂಪಾಕ್ಷ ಅಂಗಡಿ ಸರ್ ತಮ್ಮ ಆಕಾಶ ವೀಕ್ಷಣೆಯ ಬಳಗದ ಆರು ಮಂದಿಗೆ ದೂರದರ್ಶಕ, ಸ್ಟಾಪ್‌ವಾಚ್ ಕೊಟ್ಟು ಒಂದೊಂದು ಊರಿನಲ್ಲಿ ನಿಲ್ಲಿಸಿದರು. ಒಬ್ಬರನ್ನು ಬೇಕೆಂದೇ ನೆರಳಿನ ದಾರಿಯಿಂದ ಹೊರಗೆ ನಿಲ್ಲಿಸುವುದು ಪದ್ಧತಿ. ನೆರಳು ಅಲ್ಲಿಗೆ ಮುಟ್ಟಲಿಲ್ಲ ಎನ್ನಲು ಸಾಕ್ಷಿ ಬೇಕಲ್ಲ! ಏನೂ ಕಾಣದಿರುವ ಆ ಕೆಲಸ ಹೊಸಬರ ಪಾಲಿಗೆ. ಟೀಚರು ಬಳಗಕ್ಕೆ ಹೊಸಬರು.

ದಾರಿಯಲ್ಲಿದ್ದವರಿಗೆಲ್ಲ ನಕ್ಷತ್ರ ನಾಲ್ಕೈದು ಸೆಕೆಂಡು ಆರಿತು. ಟೀಚರಿಗೆ ಆರಬಾರದಿತ್ತು. ಆದರೆ ಅವ್ವನಿಂದ ದೂರದಲ್ಲಿದ್ದ ನಾನು ನೇರವಾಗಿ ಅವರಿಗೇ ಅಡ್ಡ ಬಂದೆ. ಇಪ್ಪತ್ತಾರು ವರ್ಷ ಓಟದ ಗೆರೆಯ ಹತ್ತಿರ ನಿಂತ ಅವರ ಹೆಬ್ಬೆರಳು ತಾನಾಗಿಯೇ ಎರಡು ಸಲ ಬಟನ್ ಒತ್ತಿತು. ವಾಚಿನಲ್ಲಿ ಅರ್ಧ ಸೆಕೆಂಡು ಚಿಲ್ಲರೆ.

“ಟೀಚರ್, ಕಣ್ಣ ಪಿಳುಕಿಸೀರಿ ಕಾಣ್ತೈತಿ,” ಎಂದರು ಅಂಗಡಿ ಸರ್. “ಇದು ನಮ್ಮ ಬಳಗದ ಮೊದಲ ವರದಿ. ಒಂದು ತಪ್ಪಿದ್ರ ಉಳಿದದ್ದೂ ಯಾರೂ ನಂಬೂದಿಲ್ಲ. ‘ಏನೂ ಕಾಣಲಿಲ್ಲ’ ಅಂತ ಬರದು ಸಹಿ ಮಾಡಿಬಿಡ್ರಿ.”

“ನೂರು ಮೀಟರ್ ಓಟದಾಗ ಕಣ್ಣ ಪಿಳುಕಿಸಿದ್ರ ಗೆದ್ದಾಕಿ ಯಾರು, ಸೋತಾಕಿ ಯಾರು ಗೊತ್ತಾಗೂದಿಲ್ರಿ ಸರ್. ಓಟ ಮುಗಿದ ಮ್ಯಾಲೆ ಟೈಮ್ ತಿದ್ದಿದಾಕಿ ಅಲ್ಲ ನಾ. ಸಹಿ ಮಾಡೂದಿಲ್ಲ.”

ನನ್ನ ಎದೆ ಹಾರಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಆ ಒಂದು ಸಹಿ ಬಿದ್ದಿದ್ದರೆ ನಾನು ಇಲ್ಲವೇ ಇಲ್ಲ ಎಂದಾಗುತ್ತಿತ್ತು. ಕೊನೆಗೆ ಟೀಚರು ಸಮಯ ಬರೆದ ಹಾಳೆ ಬಿಟ್ಟೇ ವರದಿ ಖಗೋಳ ವಿಜ್ಞಾನಿಗಳಿಗೆ ಹೋಯಿತು. ಬಳಗದವರು ಅವರನ್ನು ಕರೆಯುವುದೂ ನಿಂತಿತು. ಆದರೂ ಆ ಅರ್ಧ ಸೆಕೆಂಡು ಅಂಗಡಿ ಸರ್ ಅವರನ್ನು ಒಳಗೊಳಗೇ ಕೊರೆಯುತ್ತಿತ್ತು.

ಎಂಟು ತಿಂಗಳ ಮೇಲೆ ಅವ್ವ ಇನ್ನೊಂದು ನಕ್ಷತ್ರಕ್ಕೆ ಅಡ್ಡ ಬಂದಳು. ಈ ಸಲ ನೆರಳಿನ ದಾರಿಯ ಹೊರಗಿನ ಜಾಗದಲ್ಲಿ ಸರ್ ತಾವೇ ಹೋಗಿ ನಿಂತರು. ನಾನು ಅವ್ವನ ಯಾವ ಮಗ್ಗುಲಲ್ಲಿದ್ದೆನೋ ಅವರಿಗೇನು ಗೊತ್ತು? ಅವರ ಅದೃಷ್ಟಕ್ಕೆ ಅವರ ಮಗ್ಗುಲಲ್ಲೇ ಇದ್ದೆ. ನಕ್ಷತ್ರ ತಟ್ಟನೆ ಆರಿತು, ತಟ್ಟನೆ ಹೊತ್ತಿತು. ಸರ್ ಬಾಯಿ ಬಿಟ್ಟುಕೊಂಡು ನಿಂತುಬಿಟ್ಟರು. ಬಟನ್ ಒತ್ತಲೇ ಇಲ್ಲ!

ಅಲ್ಲಿಂದಲೇ ಫೋನ್ ಮಾಡಿದರು. “ಟೀಚರ್, ನನಗೂ ಆರಿತ್ರಿ. ಆದ್ರ ವಾಚು ಸೊನ್ನೆ ತೋರಸ್ತೈತಿ. ನನ್ನ ಮಾತು ಯಾರು ನಂಬ್ತಾರ?”

ಬೇಕಿದ್ದರೆ ಟೀಚರು ಅವರ ಮಾತನ್ನು ಅವರಿಗೇ ತಿರುಗಿಸಬಹುದಿತ್ತು. ನಾನಾಗಿದ್ದರೆ ಬಿಡುತ್ತಿರಲಿಲ್ಲ.

“ನಾ ನಂಬ್ತೀನ್ರಿ, ಸರ್,” ಎಂದರು ಅವರು.

ಮರುದಿನ ಅಂಗಡಿ ಸರ್ ಟೀಚರ ಹಳೆಯ ಹಾಳೆಯನ್ನು ಹುಡುಕಿ ತೆಗೆದು, ಅದರ ಕೆಳಗೆ ತಮ್ಮ ಸಹಿ ಹಾಕಿ ವಿಜ್ಞಾನಿಗಳಿಗೆ ಕಳಿಸಿದರು.

ನನಗಿನ್ನೂ ಹೆಸರಿಟ್ಟಿಲ್ಲ. ಅವಸರವೂ ಇಲ್ಲ. ಯಾವತ್ತೋ ಒಂದು ದಿನ ಅವ್ವನ ಮಡಿಲಿಗೆ ಬೀಳುತ್ತೇನೆ, ಇಲ್ಲವೇ ಅವಳನ್ನು ಬಿಟ್ಟು ಹೊರಡುತ್ತೇನೆ. ಅದಕ್ಕಿನ್ನೂ ಬೇಕಾದಷ್ಟು ಕಾಲವಿದೆ. ಮುಂದಿನ ನಕ್ಷತ್ರಕ್ಕೆ ನಾವು ಅಡ್ಡ ಬರುವುದು ಈ ಚಳಿಗಾಲದಲ್ಲಿ. ಅಂಗಡಿ ಸರ್ ಈಗ ದಿನಾ ಸಂಜೆ ಶಾಲೆಯ ಮೈದಾನಕ್ಕೆ ಹೋಗಿ, ಓಟದ ಗೆರೆಯ ಹತ್ತಿರ ಟೀಚರ ಪಕ್ಕದಲ್ಲಿ ನಿಂತು, ಬಟನ್ ಒತ್ತುವುದನ್ನು ಕಲಿಯುತ್ತಿದ್ದಾರೆ.