ಟಾರ್ಚು ನಿಂತ ಜಾಗ

ಗುಡುಗಪ್ಪನ ಕಿವಿ ಅಂಥಿಂಥ ಕಿವಿಯಲ್ಲ. ಎದುರು ಬೀದಿಯಲ್ಲಿ ಇರುವೆ ಸೀನಿದರೆ, ಅದಕ್ಕೆ ನೆಗಡಿಯೋ ಇಲ್ಲಾ ಮೂಗಿಗೆ ಧೂಳು ಹೋಯಿತೋ ಎಂದು ಇಲ್ಲಿ ಕೂತೇ ಹೇಳುತ್ತಿದ್ದ. ಮನೆಮನೆಗೆ ಹೋಗಿ ಹೋಂ ಥಿಯೇಟರ್ ಕೂರಿಸುವುದು ಅವನ ಕಸುಬು. ಅದರಲ್ಲೂ ಸಬ್‌ವೂಫರ್ ಅಂತಾರಲ್ಲ, ಬರೀ ತಗ್ಗು ಸದ್ದು ಹೊರಡಿಸುವ ಕರಿ ಡಬ್ಬ, ಅದಕ್ಕೆ ಜಾಗ ಗೊತ್ತುಮಾಡುವುದರಲ್ಲಿ ಅವನನ್ನು ಬಿಟ್ಟರಿಲ್ಲ. ಅವನು ಕೂರಿಸಿದ ಡಬ್ಬ ಒಮ್ಮೆ ಗುಡುಗಿತೆಂದರೆ ಮೂರನೇ ಬೀದಿಯ ಮುದುಕರ ಹಲ್ಲಿನ ಸೆಟ್ಟು ಲೋಟದೊಳಗೇ ಕಟಕಟ ಕಡಿಯುತ್ತಿತ್ತು. ಹೆಸರು ಬಂದದ್ದು ಹಾಗೆ.

ಅಂಥ ಗುಡುಗಪ್ಪನಿಗೆ ಈಚೆಗೆ ನಿಜವಾದ ಗುಡುಗೇ ಕೇಳಿಸುತ್ತಿರಲಿಲ್ಲ. ಸೊಳ್ಳೆಯ ರಾಗ ಕೇಳುತ್ತಿತ್ತು, ಹೆಂಡತಿಯ ಬೈಗುಳ ಒಂದಕ್ಷರ ತಪ್ಪದೆ ಕೇಳುತ್ತಿತ್ತು. ತಗ್ಗಿನ ಸದ್ದು ಮಾತ್ರ ತಳವಿಲ್ಲದ ಬಾವಿಗೆ ಬಿದ್ದ ಕಲ್ಲಿನ ಹಾಗೆ ಹೋದದ್ದೇ ಹೋಯಿತು. ಆ ಕಿವಿ ಹೋದರೆ ಮನೆಯ ಒಲೆ ಆರಿದಂತೆ. ಯಾರಿಗೂ ಹೇಳಿರಲಿಲ್ಲ. ಜೊತೆಗೇ ಕೆಲಸಕ್ಕೆ ಬರುತ್ತಿದ್ದ ಹೆಂಡತಿಗಂತೂ ಇಲ್ಲವೇ ಇಲ್ಲ; ಗೊತ್ತಾದರೆ ನಿಂತಲ್ಲೇ ಕುಸಿದಾಳು ಎಂಬ ಭಯ.

ಆ ದಿನ ಹಲ್ಲಿನ ಡಾಕ್ಟರ ಮನೆ. ಡಾಕ್ಟರು ಕ್ಲಿನಿಕ್ಕಿಗೆ ಹೋಗಿದ್ದರು, ಮನೆಯಲ್ಲಿ ಅವರ ತಾಯಿ. ಸಿನಿಮಾ ನೋಡುವ ಕೋಣೆಗೆ ಎಂಥ ಕರಿ ಪರದೆ ಬಿಗಿದಿದ್ದರೆಂದರೆ ನಡುಮಧ್ಯಾಹ್ನದ ಸೂರ್ಯನೂ ದಾರಿ ಕೇಳಿಕೊಂಡು ಬರಬೇಕು. ಗುಡುಗಪ್ಪ ತನ್ನ ಪದ್ಧತಿಯಂತೆ ಡಬ್ಬವನ್ನು ಸೋಫಾದ ಮೇಲೆ, ಜನ ಕೂರುವ ಜಾಗದಲ್ಲೇ ಕೂರಿಸಿ, ಒಂದೇ ಸಮ ಗುಂಯ್‌ಗುಡುವ ಸದ್ದು ಹಚ್ಚಿ, ತಾನು ಗೋಡೆಗುಂಟ ಅಂಬೆಗಾಲಿಟ್ಟ. ಸದ್ದು ಎಲ್ಲಿ ತುಂಬಿ ಕೇಳುತ್ತದೋ ಆಮೇಲೆ ಡಬ್ಬ ಅಲ್ಲಿಗೆ. ಆಗ ಸೋಫಾದಲ್ಲಿ ಕೂತವರಿಗೂ ಅಷ್ಟೇ ತುಂಬಿ ಕೇಳುತ್ತದೆ. ಕತ್ತಲಲ್ಲಿ ತಲೆ ಬಡಿದುಕೊಳ್ಳದಿರಲಿ ಎಂದು ಹೆಂಡತಿ ಟಾರ್ಚು ಹಿಡಿಯುವುದು ರೂಢಿ.

"ಏನಪ್ಪಾ, ಉಂಗುರ ಕಳಕೊಂಡ್ಯಾ?" ಅಂದರು ಡಾಕ್ಟರ ತಾಯಿ, ಬಾಗಿಲಲ್ಲಿ ನಿಂತು.

"ಜಾಗ ಹುಡುಕ್ತಿದೀನಿ ಅಮ್ಮಾ."

"ಅದನ್ನ ಅಳೆಯೋಕೆ ಮೀಟರ್ ಬಂದಿದೆಯಂತಲ್ಲ."

"ಮೀಟರಿಗೆ ಅಳತೆ ಗೊತ್ತು, ರುಚಿ ಗೊತ್ತಿಲ್ಲ."

"ಬಾಯಿ ಮಾತ್ರ ಚೆನ್ನಾಗಿದೆ. ನಿನ್ನ ಹೆಂಡ್ತೀನ ಸ್ವಲ್ಪ ಕಳಿಸು, ಅಟ್ಟದಿಂದ ಒಂದು ಪಾತ್ರೆ ಇಳಿಸ್ಬೇಕು."

ಹೆಂಡತಿ ಒಂದು ಕ್ಷಣ ತಡೆದಳು. ಆಮೇಲೆ ಟಾರ್ಚು ಆರಿಸಿ ಹೋದಳು.

ಕತ್ತಲಲ್ಲಿ ಗುಡುಗಪ್ಪ ಒಬ್ಬನೇ ತೆವಳಿದ. ಮೇಜಿನ ಕಾಲು, ಕಪಾಟಿನ ಅಂಚು, ಮತ್ತೆ ಮೇಜಿನ ಕಾಲು. ಎಲ್ಲಿಯೂ ಏನೂ ಇಲ್ಲ. ಅವರು ಬರುವ ಸದ್ದಾದಾಗ ಅವಸರವಾಗಿ ಕಿಟಕಿಯ ಮೂಲೆಯಲ್ಲಿ ಕೂತುಬಿಟ್ಟ.

"ಸಿಕ್ತು. ನೆಲ ಹೇಗೆ ನಡುಗ್ತಿದೆ ನೋಡಿ ಇಲ್ಲಿ."

"ಡಬ್ಬದ ದೀಪ ಕೆಂಪಗಿದೆಯಲ್ಲಪ್ಪ," ಅಂದರು ತಾಯಿ. "ಹಸಿರಿದ್ರೆ ಮಾತ್ರ ಓಡ್ತಿದೆ ಅಂತ ಅರ್ಥ ಅಂತ ಆಗ ನೀನೇ ಹೇಳ್ದೆ."

"ನಂದೇ ತಪ್ಪಮ್ಮಾ," ಅಂದಳು ಹೆಂಡತಿ ತಟ್ಟನೆ. "ಈಗ ಬರ್ತಾ ವೈರು ನನ್ನ ಕಾಲಿಗೆ ಸಿಕ್ಕಿ ಕಿತ್ತುಬಂತು."

ಕಿತ್ತುಬಂದ ವೈರು ಗುಡುಗಪ್ಪನ ಮಂಡಿಗೆ ಸುತ್ತಿಕೊಂಡಿತ್ತು. ಅವನು ಅದನ್ನು ಬಿಡಿಸಿ ಕೊಟ್ಟ. ಸುಳ್ಳು ಹೇಳಲು ಬಾರದ ಹೆಂಗಸು ಅವಳು. ತರಕಾರಿಯವನ ಹತ್ತಿರ ಚೌಕಾಸಿ ಮಾಡುವಾಗಲೂ ಕಿವಿ ಕೆಂಪಾಗುತ್ತಿತ್ತು. ಇದು ಮಾತ್ರ ವರ್ಷಗಟ್ಟಲೆ ಬಾಯಿಪಾಠ ಮಾಡಿದ್ದರ ಹಾಗೆ ಬಂದಿತ್ತು.

ದೀಪ ಹಸಿರಾಯಿತು. ಅವನು ಮತ್ತೆ ಅಂಬೆಗಾಲಿಟ್ಟ. ಈ ಸಲ ಕಿವಿ ಬಿಟ್ಟು ಹೆಂಡತಿಯ ಟಾರ್ಚಿನ ಬೆಳಕನ್ನು ನೋಡಿದ. ಇಷ್ಟು ದಿನ ಅದು ತನ್ನ ಹಿಂದೆ ಬರುತ್ತದೆ ಅಂದುಕೊಂಡಿದ್ದ. ಅದು ಮುಂದೆ ಹೋಗುತ್ತಿತ್ತು. ಬಾಗಿಲ ಪಕ್ಕದ ಕಪಾಟಿನ ಬಳಿ ನಿಂತಿತು. ಬೇಕೆಂದೇ ಅದನ್ನು ದಾಟಿ ಕತ್ತಲೆಗೆ ತೆವಳಿದ. ಬೆಳಕು ಬರಲಿಲ್ಲ. ಕಾದ. ಆಗಲೂ ಬರಲಿಲ್ಲ. ಹಿಂದಕ್ಕೆ ತೆವಳಿ ಆ ದುಂಡು ಬೆಳಕಿನೊಳಗೆ ಕೂತು, ಕಪಾಟಿನ ಗಾಜಿಗೆ ಬೆರಳಿಟ್ಟ. ಗಾಜು ಸಣ್ಣಗೆ ನಡುಗುತ್ತಿತ್ತು.

"ಇಲ್ಲೇ," ಅಂದ.

ಡಬ್ಬವನ್ನು ಅಲ್ಲಿಗೆ ಸರಿಸಿ ಸಿನಿಮಾ ಹಾಕಿದಾಗ ಡಾಕ್ಟರ ತಾಯಿ ಸೋಫಾದಲ್ಲಿ ಎದೆ ಹಿಡಿದುಕೊಂಡರು. "ಅಬ್ಬಬ್ಬ, ನನ್ನ ಸೊಕ್ಕೆಲ್ಲ ಇಳೀತು. ಎಂಥಾ ಕಿವಿಯಪ್ಪಾ ನಿಂದು."

ಗುಡುಗಪ್ಪ ನಗಬೇಕಾದಷ್ಟು ನಕ್ಕ.

ಮೆಟ್ಟಿಲಿಳಿಯುವಾಗ ಕೇಳಿದ: "ಯಾವಾಗಿಂದ?"

"ಏನು ಯಾವಾಗಿಂದ?"

"ಟಾರ್ಚು."

ಅವಳು ಎರಡು ಮೆಟ್ಟಿಲು ಇಳಿದಳು. "ವಕೀಲರ ಮನೇಲಿ ಡಬ್ಬಾನ ಸ್ನಾನದ ಮನೆ ಗೋಡೆಗೆ ಅಂಟಿಸಿ ಇಟ್ರಲ್ಲ, ಅವತ್ತಿಂದ. ನೀವು ಊಟಕ್ಕೆ ಕೂತಾಗ ನಾನು ಸರಿಸಿದೆ."

"ಅದನ್ನ ಕೇಳಿ ಅವರು ಇನ್ನೂ ನಾಲ್ಕು ಮನೆ ಕೆಲಸ ಕೊಡಿಸಿದ್ರು."

"ಹೂಂ."

"ನನಗೆ ಹೇಳ್ಬಹುದಿತ್ತು."

"ನೀವೂ ಹೇಳ್ಬಹುದಿತ್ತು."

ಅವನು ಕೈಗಂಬಿ ಹಿಡಿದು ನಿಂತ. "ನಾಳೆಯಿಂದ ನೀನೇ ತೆವಳು. ನಾನು ಟಾರ್ಚು ಹಿಡೀತೀನಿ."

"ಹೆಂಗಸು ಜಾಗ ಹುಡುಕ್ತಾಳೆ ಅಂದ್ರೆ ಯಾರು ಕರೀತಾರೆ? ಗುಡುಗಪ್ಪ ಬೇಕು ಅಂತ ಕರೀತಾರೆ."

ಅವನು ಕೈಗಂಬಿ ಬಿಟ್ಟು ಮುಂದಿನ ಮೆಟ್ಟಿಲಿಗೆ ಇಳಿದ. ಅವಳು ಟಾರ್ಚನ್ನು ಅಂಗೈಗೆ ಹಿಡಿದು ಹೊತ್ತಿಸಿ ನೋಡಿದಳು. ಬೆಳಕು ಹಳದಿಗೆ ತಿರುಗಿತ್ತು.

"ಹೋಗ್ತಾ ಸೆಲ್ ತಗೋಬೇಕು, ನೆನಪು ಮಾಡಿ," ಅಂದಳು.