ಬುಡದ ಅಂಚು

ಅಪ್ಪನ ಬಂದೂಕಿಗೆ ಅಂಗಡಿಯಲ್ಲಿ ಗುಂಡು ಸಿಗುವುದಿಲ್ಲ. ಅದರ ನಳಿಗೆಯೊಳಗೆ ನನ್ನ ಕಿರುಬೆರಳು ಸಲೀಸಾಗಿ ಹೋಗುತ್ತದೆ. ಅಷ್ಟು ದಪ್ಪದ ಗುಂಡು ಮಾಡುವುದನ್ನು ಕಾರ್ಖಾನೆಗಳು ನಾನು ಹುಟ್ಟುವ ಮೊದಲೇ ಬಿಟ್ಟಿವೆ. ಹಾಗಾಗಿ ಹಿತ್ತಿಲ ಶೆಡ್ಡಿನಲ್ಲಿ ಸೀಸ ಕರಗಿಸಿ, ಅಚ್ಚಿಗೆ ಸುರಿದು, ಒಂದೊಂದನ್ನೂ ಮನೆಯಲ್ಲೇ ಎರೆಯಬೇಕು. ಎರೆಯುವುದು ಅಪ್ಪ, ನೋಡುವುದು ನಾನು.

ನಲವತ್ತು ವರ್ಷ ಲೇತ್ ಮೆಷಿನ್ನಿನ ಮುಂದೆ ನಿಂತವರು ಅಪ್ಪ. ದೂರದ್ದು ಇವತ್ತಿಗೂ ಹದ್ದಿನ ಕಣ್ಣಿಗೆ ಕಂಡಂತೆ ಕಾಣುತ್ತದೆ. ಕೈಯಳತೆಯೊಳಗೆ ಬಂದದ್ದೆಲ್ಲ, ಯಾವ ಕನ್ನಡಕ ಹಾಕಿದರೂ, ಬರೀ ಮಂಜು. ಬೆರಳಿನಿಂದ ಸವರಿ ತಿಳಿಯೋಣವೆಂದರೆ ಬಿಸಿ ಲೋಹದ ಚೂರು ಸಿಡಿದು ಸಿಡಿದು ತುದಿಗಳೆಲ್ಲ ಮರಗಟ್ಟಿವೆ. ಆದ್ದರಿಂದ ಎರೆದ ಗುಂಡುಗಳನ್ನು ಹಳೆಯ ಟವೆಲಿನ ಮೇಲೆ ಹರಡಿಕೊಂಡು, ಭೂತಗನ್ನಡಿ ಹಿಡಿದು ನಾನು ಕೂರುತ್ತೇನೆ.

"ಮೂತಿ ಹೇಗಾದ್ರೂ ಇರ್ಲಿ, ಬುಡ ನೋಡು" ಎಂದು ಮೊದಲ ದಿನವೇ ಹೇಳಿಕೊಟ್ಟಿದ್ದರು. ಬುಡದ ಅಂಚು ಕತ್ತರಿಸಿದಂತೆ ಚೂಪಾಗಿರಬೇಕು. ಮೊಂಡಾಗಿದ್ದರೆ ನಳಿಗೆಯಿಂದ ಹೊರಬೀಳುವಾಗಲೇ ಗುಂಡು ಓಲಾಡುತ್ತದೆ. "ಅನುಮಾನ ಬಂತಾ, ವಾಪಸ್ ಪಾತ್ರೆಗೆ ಹಾಕು. ನನ್ನ ಮುಖ ನೋಡ್ಬೇಡ."

ಡಿಗ್ರಿ ಮುಗಿಸಿ ಮನೆಯಲ್ಲಿ ಕೂತು ನಾಲ್ಕು ವರ್ಷವಾಯಿತು. ಈ ನಾಲ್ಕು ವರ್ಷದಲ್ಲಿ ನಾನು ಬೇಡವೆಂದ ಗುಂಡಿನ ಬಗ್ಗೆ ಅಪ್ಪ ಒಮ್ಮೆಯೂ "ಯಾಕೆ" ಎಂದು ಕೇಳಿದವರಲ್ಲ. ನನ್ನ ಮಾತಿಗೆ ಬೇರೆಲ್ಲೂ ಅಷ್ಟು ತೂಕವಿರಲಿಲ್ಲ.

ಈ ವರ್ಷ ಅಪ್ಪನಿಗೆ ಎಪ್ಪತ್ತು ತುಂಬಿತು. ಎಪ್ಪತ್ತು ದಾಟಿದವರು ಲೈಸೆನ್ಸ್ ಮುಂದುವರಿಸಬೇಕಾದರೆ ರೈಫಲ್ ಕ್ಲಬ್ಬಿನ ಪರೀಕ್ಷೆಯಲ್ಲಿ ಪಾಸಾಗಬೇಕು: ನೂರು ಗಜ ದೂರ, ಹತ್ತು ಗುಂಡು, ಆರಾದರೂ ಕಪ್ಪು ವೃತ್ತದೊಳಗೆ ಬೀಳಬೇಕು. ಇಲ್ಲದಿದ್ದರೆ ಬಂದೂಕು ಒಪ್ಪಿಸಿಬಿಡಬೇಕು.

ಸೀಸ ತರುವುದು ಟೈರ್ ಅಂಗಡಿಯಿಂದ. ಚಕ್ರ ಅದುರದಂತೆ ರಿಮ್ಮಿಗೆ ಬಡಿಯುವ ಪುಟ್ಟ ತೂಕದ ತುಂಡುಗಳನ್ನು ಕಿತ್ತು ಒಂದು ಬಕೆಟ್ಟಿಗೆ ಎಸೆದಿರುತ್ತಾರೆ. ಹಿಂದೆ ಎಲ್ಲವೂ ಸೀಸವೇ ಆಗಿದ್ದವು. ಈಗ ಸತುವಿನವೂ ಸೇರಿವೆ, ನೋಡಲು ಎರಡೂ ಒಂದೇ ಥರ. ಪ್ರತಿಯೊಂದನ್ನೂ ಕಟ್ಟರಿನಲ್ಲಿ ಕಚ್ಚಿಸಿ ನೋಡಬೇಕು. ಸೀಸ ಬೆಣ್ಣೆಯಂತೆ ಬಿಟ್ಟುಕೊಡುತ್ತದೆ, ಸತುವಿನ ಮೇಲೆ ಕಟ್ಟರ್ ಜಾರುತ್ತದೆ. ಸತು ಸೇರಿ ಕರಗಿತೋ, ಆ ಪಾತ್ರೆಯ ಸೀಸ ಅಚ್ಚಿನ ಮೂಲೆಗಳಿಗೆ ಇಳಿಯುವುದೇ ಇಲ್ಲ.

"ಬಂದ್ರಪ್ಪ ಗುಂಡಮ್ಮ!" ಎಂದ ಟೈರ್ ಅಂಗಡಿಯವನು, ಪರೀಕ್ಷೆಯ ಗುಂಡಿಗೆ ಸೀಸ ತರಲು ನಾನು ಹೋದಾಗ. ನಾನು ಕಡ್ಡಿಯಂತಿರುವುದರಿಂದ ಆ ಹೆಸರು ಅವನ ಬಾಯಿಗೆ ಇನ್ನಷ್ಟು ರುಚಿ.

"ಯಾರ ಮೇಲಕ್ಕಾ ಯುದ್ಧ?" ಎಂದ ಪಂಕ್ಚರ್ ಹಾಕಿಸಲು ಬಂದಿದ್ದವನೊಬ್ಬ.

"ಮೆಲ್ಲಗೆ ಮಾತಾಡಪ್ಪ. ಪ್ರತಿಯೊಂದನ್ನೂ ಕಚ್ಚಿ ನೋಡ್ತಾರೆ ಅವರು. ನಿನ್ನನ್ನೂ ನೋಡಿಬಿಟ್ಟಾರು!"

ಅಂಗಡಿಯೆಲ್ಲ ನಕ್ಕಿತು. ನನ್ನ ಕಿವಿ ಕಾದುಹೋಯಿತು. ಬಕೆಟ್ಟಿನ ತಳದಲ್ಲಿ ಇನ್ನೆರಡು ಹಿಡಿ ಕಚ್ಚಿಸಿ ನೋಡದೆ ಉಳಿದಿತ್ತು. ಮನೆಯಲ್ಲಿ ನೋಡಿದರಾಯಿತೆಂದು ಹಾಗೇ ಚೀಲಕ್ಕೆ ಸುರಿದುಕೊಂಡು ಓಡಿಬಂದೆ. ಅಪ್ಪ ಆಗಲೇ ಒಲೆ ಹಚ್ಚಿ ಕಾಯುತ್ತಿದ್ದರು.

"ಎಲ್ಲಾ ನೋಡಿದ್ಯಾ?"

"ಹೂಂ" ಎಂದೆ. ಅಂಗಡಿಯಲ್ಲಿ ನಡೆದದ್ದನ್ನು ಹೇಳುವುದಕ್ಕಿಂತ ಅದು ಸುಲಭವಾಗಿತ್ತು.

ಸಂಜೆ ಟವೆಲಿನ ಮೇಲೆ ಅರವತ್ತು ಗುಂಡುಗಳಿದ್ದವು. ಮೊದಲನೆಯದರ ಬುಡ ನೋಡಿದೆ. ಬಳಸಿದ ಸೋಪಿನಂತೆ ಅಂಚು ದುಂಡಗಾಗಿತ್ತು. ಎರಡನೆಯದೂ ಹಾಗೇ. ಹತ್ತನೆಯದೂ. ತಕ್ಕಡಿಯಲ್ಲಿಟ್ಟರೆ ಎಲ್ಲವೂ ಹಗುರ. ಅರವತ್ತಕ್ಕೆ ಅರವತ್ತೂ ಕೆಟ್ಟಿದ್ದವು. ಮತ್ತೆ ಕರಗಿಸಿಯೂ ಪ್ರಯೋಜನವಿರಲಿಲ್ಲ, ಕೆಟ್ಟದ್ದು ಸೀಸವೇ. ಪರೀಕ್ಷೆಗೆ ಮೂರು ದಿನವಿತ್ತು.

ಅಪ್ಪ ಸೊಂಟ ಹಿಡಿದುಕೊಂಡು ಮೆಲ್ಲಗೆ ಎದ್ದರು. ಮುಖದ ತುಂಬ ಮಸಿ. "ಹೇಗಿವೆ? ಇವತ್ತು ಕೈ ಒಳ್ಳೇ ಹದಕ್ಕೆ ಬಂದಿತ್ತು ಕಣೇ. ಎಷ್ಟು ದಿನ ಆಗಿತ್ತು ಹೀಗೆ ಎರೆದು."

ನಾನು ಅವರ ಮುಖ ನೋಡಿದೆ.

"ಚೆನ್ನಾಗಿವೆ ಅಪ್ಪ" ಎಂದೆ.

ಕ್ಲಬ್ಬಿನ ಕಾರ್ಯದರ್ಶಿ ಅಪ್ಪನ ಹಳೆಯ ಗೆಳೆಯರು, ನಿವೃತ್ತ ಮೇಷ್ಟ್ರು. ಪರೀಕ್ಷೆಯ ದಿನ ಅಪ್ಪನನ್ನು ಕಂಡವರೇ ಚುಡಾಯಿಸಿದರು. "ಏನಪ್ಪ, ಫಿರಂಗಿ ತಂದ್ಯಾ? ನಮ್ಮ ಗೋಡೆ ಬೀಳಿಸ್ಬೇಡ."

"ಬಿದ್ರೆ ನಿನ್ನ ಪೆನ್ಷನ್ನಲ್ಲಿ ಕಟ್ಸು."

ಮೊದಲೆರಡು ಗುಂಡು ಕಪ್ಪಿನೊಳಗೆ ಬಿದ್ದವು. ಮೂರನೆಯದು ಹೊರಗೆ. ನಾಲ್ಕನೆಯದು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಪ್ರತಿ ಸಲ ಅಪ್ಪ ಇನ್ನಷ್ಟು ಹೊತ್ತು ಉಸಿರು ಹಿಡಿದು, ಇನ್ನಷ್ಟು ನಿಧಾನವಾಗಿ ಬಂದೂಕಿನ ಕುದುರೆ ಎಳೆದರು. ಅವರ ಭುಜ ಕಲ್ಲಿನಂತೆ ಸ್ಥಿರವಾಗಿತ್ತು. ಹತ್ತು ಮುಗಿದಾಗ ಒಳಗಿದ್ದದ್ದು ನಾಲ್ಕು.

ಮೇಷ್ಟ್ರು ಗುರಿಯ ಕಾಗದವನ್ನು ಮೇಜಿನ ಮೇಲೆ ಹರಡಿ ಒಂದು ತೂತಿಗೆ ಬೆರಳು ತೂರಿಸಿದರು. ಅದು ದುಂಡಗಿರಲಿಲ್ಲ, ಉದ್ದಕ್ಕಿತ್ತು. "ನೋಡಿಲ್ಲಿ, ಗುಂಡು ಅಡ್ಡಡ್ಡ ಬಂದು ಬಡಿದಿದೆ. ಇದು ನಿನ್ನ ಕೈ ತಪ್ಪಲ್ಲ, ಗುಂಡಿನ ತಪ್ಪು. ಗುಂಡು ಸರಿ ಇರ್ಲಿಲ್ಲ ಅಂತ ಒಂದು ಸಾಲು ಬರ್ಕೊಡು. ಮುಂದಿನ ತಿಂಗಳು ಇನ್ನೊಂದ್ಸಲ ಹೊಡಿ."

"ನನ್ನ ಮಗಳು ನೋಡಿ ಇಟ್ಟಿರೋ ಗುಂಡು ಅದು" ಎಂದರು ಅಪ್ಪ. "ಅವಳ ಕಣ್ಣು ತಪ್ಪಲ್ಲ. ನನ್ನ ಕೈಯೇ ಹೋಯ್ತು, ಬಿಡು."

"ಹಠ ಮಾಡ್ಬೇಡ."

"ಪೆನ್ನು ಕೊಡು."

ಸುತ್ತ ಐದಾರು ಜನ ನಿಂತಿದ್ದರು. ಅಪ್ಪ ನನ್ನ ಕಡೆ ತಿರುಗಿದರು. "ಎಲ್ಲಿ ಸೈನ್ ಮಾಡ್ಬೇಕು, ತೋರಿಸು."

ನಾನು ಬೆರಳಿಟ್ಟು ತೋರಿಸಿದೆ. ಅನುತ್ತೀರ್ಣ ಎಂದಿದ್ದ ಸಾಲಿನ ಕೆಳಗೆ ಅಪ್ಪ ಸಹಿ ಹಾಕಿದರು.

ಕ್ಲಬ್ಬಿನ ಗೇಟಿನ ಎದುರಿಗೇ ಬಸ್‌ಸ್ಟಾಪು. ಬಂದೂಕಿನ ಪೆಟ್ಟಿಗೆಯನ್ನು ಇಬ್ಬರ ತೊಡೆಯ ಮೇಲೂ ಅಡ್ಡ ಇಟ್ಟುಕೊಂಡು ಕೂತೆವು. ಅಲ್ಲಿ ಹೇಳಿದೆ. ಎರಡು ಹಿಡಿ, ಅಂಗಡಿಯ ನಗು, ಟವೆಲ್ಲು, ಎಲ್ಲ.

"ಎಷ್ಟು ಗುಂಡಲ್ಲಿ ಹಾಗಿತ್ತು?" ಎಂದರು ಅಪ್ಪ.

"ಎಲ್ಲದರಲ್ಲೂ."

"ನೀನು ನೋಡಿದ್ದೆ."

"ನೋಡಿದ್ದೆ. ಅಪ್ಪಾ, ಒಳಗೆ ಹೋಗೋಣ. ಮೇಷ್ಟ್ರು ಇನ್ನೂ ಇದ್ದಾರೆ, ನಾನೇ ಹೇಳ್ತೀನಿ, ಎಲ್ಲರ ಎದುರಿಗೇ ಹೇಳ್ತೀನಿ. ಬೇರೆ ಸೀಸ ತರ್ತೀನಿ, ಮತ್ತೆ ಎರೆಯೋಣ."

"ಎರೆಯಬಹುದು" ಎಂದರು. "ಆಮೇಲೆ ಅದನ್ನ ನೋಡೋರ್ಯಾರು?"

ಬೈದಿದ್ದರೆ ಅಳಬಹುದಿತ್ತು. ಅವರ ದನಿಯಲ್ಲಿ ಸಿಟ್ಟು ಇರಲೇ ಇಲ್ಲ. "ನಂಗೆ ಬೇಜಾರಾಗ್ಬಾರ್ದು ಅಂತ ಹೇಳ್ದೆ. ಗೊತ್ತಾಗುತ್ತೆ ಪುಟ್ಟಿ. ನಾಳೆನೂ ಹಾಗೇ ಹೇಳ್ತೀಯ. ನಿಜವಾಗ್ಲೂ ಚೆನ್ನಾಗಿದ್ದಾಗ ಹೇಳಿದ್ರೂ ನಂಗಿನ್ನು ತಿಳಿಯಲ್ಲ."

ಬಸ್ಸು ಬಂತು. ಪೆಟ್ಟಿಗೆಯನ್ನು ಅವರೇ ಎತ್ತಿಕೊಂಡರು.

ಸೋಮವಾರ ಬಂದೂಕು ಒಪ್ಪಿಸಿ ಬಂದೆವು. ಗುರುವಾರ ಡಾಕ್ಟರು ಅಪ್ಪನ ಸೊಂಟಕ್ಕೆ ಹೊಸ ಮಾತ್ರೆ ಬರೆದುಕೊಟ್ಟರು. ನಾನು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಅಪ್ಪ ಮಾತ್ರೆಯ ಹಾಳೆ ಮತ್ತು ಚೀಟಿ ಹಿಡಿದು ನನ್ನನ್ನು ದಾಟಿಕೊಂಡು ಹಿತ್ತಿಲಿಗೆ ಹೋದರು. ಬೇಲಿಯ ಹತ್ತಿರ ಅವರ ದನಿ ಕೇಳಿಸಿತು.

"ಇದು ಊಟಕ್ಕೆ ಮುಂಚೆನೋ ಆಮೇಲೋ, ಸ್ವಲ್ಪ ಓದಿ ಹೇಳ್ತೀರಾಮ್ಮಾ?"

"ಅದಕ್ಕೇನು, ಕೊಡಿ" ಎಂದರು ಪಕ್ಕದ ಮನೆಯಾಕೆ. "ಯಾಕೆ, ಮಗಳು ಮನೇಲಿಲ್ವಾ?"

"ಇದ್ದಾಳೆ" ಎಂದರು ಅಪ್ಪ.